ರೋಗಿಯಿಂದ ಸತ್ಯವನ್ನು ಮರೆಮಾಡುವುದು ದಯೆಯೇ?

ಸತ್ಯ, ದಯೆ ಎಂಬೆರಡೂ ಧರ್ಮದ ಅಂಗಗಳು. ಇವೆರಡೂ ಕೂಡಿ ನಡೆಯುವವರೆಗೆ ಗೃಹಸ್ಥನಿಗೆ ಸಂದೇಹವಿಲ್ಲ. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುವುದೆಂದು ತೋರಿದಾಗಲೇ ವಿಚಾರವು ಅವಶ್ಯಕವಾಗುತ್ತದೆ. ಮನೆಯ ತಾಯಿಗೆ ಗುಣವಾಗದ ರೋಗವು ಬಂದಿದೆಯೆಂದು ವೈದ್ಯರು ತಿಳಿಸಿದಾಗ, ಅದನ್ನು ಆಕೆಗೆ ಹೇಳಬೇಕೆ, ಮುಚ್ಚಿಡಬೇಕೆ ಎಂಬ ಪ್ರಶ್ನೆಯು ಅಂಥದು.

ಈ ಪ್ರಶ್ನೆಯು ತೀಕ್ಷ್ಣವಾಗುವ ರೋಗಗಳಲ್ಲೊಂದು ಅಂಡಾಶಯದ ಕ್ಯಾನ್ಸರು. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಇವೇ ಅದರ ಮೊದಲ ಕುರುಹುಗಳು. ಇವನ್ನು ಅಜೀರ್ಣವೆಂದು ಬಗೆದು ಕಷಾಯ ಕುಡಿದು ಸುಮ್ಮನಿರುವವರೇ ಹೆಚ್ಚು. ಆದಕಾರಣ ಬಹುಪಾಲು ರೋಗಿಗಳಲ್ಲಿ ಗಡ್ಡೆಯು ಉದರದೊಳಗೆ ಹರಡಿದ ಮೇಲೆಯೇ ಬೆಳಕಿಗೆ ಬರುತ್ತದೆ. ಲಜ್ಜೆಯೂ ಇದಕ್ಕೆ ಒಂದು ಕಾರಣ. ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಶರಣರು ಅಲ್ಲಗಳೆದು ಎಂಟುನೂರು ವರ್ಷಗಳಿಗೂ ಮೇಲಾಯಿತು. ಸ್ತ್ರೀದೇಹವು ಅಶುಚಿಯಲ್ಲವೆಂದು ಒಪ್ಪಿದ ಮನೆಯಲ್ಲಿ ಆ ದೇಹದ ಬಾಧೆಯನ್ನು ಪಿಸುಮಾತಿನಲ್ಲಿ ಆಡಬೇಕಾದುದೇಕೆ?

ಈ ರೋಗವು ಮಿದುಳಿಗೆ ಏರುವುದು ವಿರಳ. ನೂರರಲ್ಲಿ ಕೆಲವರಿಗೆ ಮಾತ್ರ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, ಕೀಮೋಥೆರಪಿಗಳು ಮುಗಿದು, ಮನೆಯವರು ನಿಟ್ಟುಸಿರುಬಿಟ್ಟ ಬಳಿಕ, ರಕ್ತದ ಮೂಲಕ ಕಣಗಳು ಅಲ್ಲಿಗೆ ಸೇರುತ್ತವೆ. ರಕ್ತಕ್ಕೂ ಮಿದುಳಿಗೂ ನಡುವೆ ನಿಸರ್ಗವು ಕಟ್ಟಿರುವ ತಡೆಯು ಅನೇಕ ಔಷಧಗಳನ್ನೂ ಒಳಗೆ ಬಿಡದು. ತಲೆನೋವು, ವಾಂತಿ, ಸೆಳವು, ಒಂದು ಪಾರ್ಶ್ವದ ನಿಶ್ಶಕ್ತಿ, ಮಾತಿನ ತೊದಲು, ಕೆಲವೊಮ್ಮೆ ಸ್ವಭಾವದ ವ್ಯತ್ಯಾಸ, ಇವು ತೋರುತ್ತವೆ. ವಿಕಿರಣ ಚಿಕಿತ್ಸೆಯಿಂದಲೂ, ಗಡ್ಡೆ ಒಂದೇ ಇದ್ದರೆ ಶಸ್ತ್ರಕ್ರಿಯೆಯಿಂದಲೂ ಆಯುಷ್ಯವನ್ನು ಹೆಚ್ಚಿಸಬಹುದು. ಸ್ಟೀರಾಯ್ಡ್ ಔಷಧದಿಂದ ಬಾವು ಇಳಿದು ತಲೆನೋವು ತಗ್ಗುತ್ತದೆ. ಪೂರ್ಣ ಗುಣವಾಗುವುದು ಮಾತ್ರ ಅಪರೂಪ.

ಸುಳ್ಯ ಸೀಮೆಯ ಐವರ್ನಾಡಿನಂಥ ಗ್ರಾಮದಲ್ಲಿ ಒಬ್ಬ ಗೃಹಿಣಿಗೆ ಹೀಗಾಯಿತೆಂದು ಭಾವಿಸಬಹುದು. ಅಡಕೆ ತೋಟದ ಮನೆ. ಪರೀಕ್ಷೆಗೆ ಸುಳ್ಯ, ಪುತ್ತೂರು, ಮುಂದೆ ಮಂಗಳೂರು, ಬೇಕಾದರೆ ಘಟ್ಟ ಹತ್ತಿ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ. ವೈದ್ಯರ ಮಾತು ಮಗನ ಕಿವಿಗೆ ಬೀಳುತ್ತದೆ. ಆತನು ತಾಯಿಗೆ, “ಏನೂ ಇಲ್ಲ, ನರದ ದೌರ್ಬಲ್ಯ” ಎನ್ನುತ್ತಾನೆ. ಆತನ ಮನಸ್ಸು ಕೆಟ್ಟದ್ದಲ್ಲ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಸ್ಮೃತಿವಚನವನ್ನೂ ಆತನು ಆಧಾರವಾಗಿ ಹೇಳಬಹುದು. ಆದರೆ ಅದೇ ಶ್ಲೋಕವು ಪ್ರಿಯವಾದ ಅಸತ್ಯವನ್ನೂ ನುಡಿಯಬಾರದೆಂದು ವಿಧಿಸುತ್ತದೆ. ಅರ್ಧ ಶ್ಲೋಕವನ್ನು ಹಿಡಿದವನಿಗೆ ಅರ್ಧ ಧರ್ಮವೇ ದೊರೆಯುವುದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅನೇಕ ರೋಗಗಳಲ್ಲಿ ದೇಹವು ಕುಗ್ಗಿದರೂ ಬುದ್ಧಿಯು ಕಡೆಯವರೆಗೆ ನಿರ್ಮಲವಾಗಿರುತ್ತದೆ. ಇಂದು ಹೇಳದುದನ್ನು ನಾಳೆ ಹೇಳಬಹುದು. ಮಿದುಳಿಗೆ ತಾಗಿದ ರೋಗದಲ್ಲಿ ಆ ನಾಳೆಯ ಭರವಸೆಯಿಲ್ಲ. ಮಗನು ಮುಚ್ಚಿಟ್ಟದ್ದು ಕೇವಲ ಒಂದು ವಾರ್ತೆಯಲ್ಲ. ತಾಯಿಯು ತಾನಾಗಿ ಉಳಿದಿರುವ ದಿನಗಳನ್ನೇ ಆತನು ಆಕೆಯಿಂದ ಕಸಿದಂತಾಯಿತು. ಆ ದಿನಗಳಲ್ಲಿ ಆಕೆ ಮುನಿದ ತಂಗಿಯನ್ನು ಕರೆಸಿಕೊಳ್ಳುತ್ತಿದ್ದಳು, ಕೊಡುಕೊಳ್ಳುವುದನ್ನು ಹೇಳುತ್ತಿದ್ದಳು, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ತನ್ನ ಮನವನ್ನು ಅಣಿಮಾಡಿಕೊಳ್ಳುತ್ತಿದ್ದಳು. ಮರಣವನ್ನು ಲಿಂಗೈಕ್ಯವೆಂದು ಕರೆಯುವ ಸಮಾಜವು ಅದರ ಹೆಸರನ್ನೆತ್ತಲು ಅಂಜುವುದು ವಿಪರ್ಯಾಸವಲ್ಲವೆ?

ಸತ್ಯವು ಹೆಣ್ಣುಮಕ್ಕಳಿಗೂ ಸಲ್ಲತಕ್ಕದ್ದು. ಈ ರೋಗವು ಕೆಲವು ಕುಟುಂಬಗಳಲ್ಲಿ ಬಿ.ಆರ್.ಸಿ.ಎ. ಎಂಬ ವಂಶವಾಹಿಗಳ ದೋಷದಿಂದ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಅದನ್ನು ಪರೀಕ್ಷಿಸಿ ಎಚ್ಚರ ವಹಿಸಲು ಸಾಧ್ಯವಿದೆ. ಪೂರ್ವಜನ್ಮದ ಪಾಪವೆಂದು ಬಾಯಿಮುಚ್ಚಿಸಿದರೆ ರೋಗಿಗೆ ನೋವಿನೊಂದಿಗೆ ಕಳಂಕ, ಮಗಳಿಗೆ ಕತ್ತಲೆ.

ಹಾಗಾದರೆ ಸತ್ಯವನ್ನು ಕಲ್ಲಿನಂತೆ ಎಸೆಯಬೇಕೆ? ಸಲ್ಲದು. ಎಷ್ಟು ತಿಳಿಯಬೇಕೆಂಬುದನ್ನು ಮೊದಲು ರೋಗಿಯನ್ನೇ ಕೇಳಬೇಕು. “ನನಗೆ ಹೇಳಬೇಡಿ, ನೀವೇ ನೋಡಿಕೊಳ್ಳಿ” ಎಂದರೆ ಅದೂ ಆಕೆಯ ತೀರ್ಮಾನವೇ. ಕೇಳಿದವಳಿಗೆ ಕೈಹಿಡಿದು, ಮೆಲ್ಲನೆ, ಮಾಡಬಹುದಾದ ಚಿಕಿತ್ಸೆಯನ್ನೂ ನೋವಿನ ಶಮನವನ್ನೂ ಕೂಡಿಸಿ ಹೇಳಬೇಕು. ಹೇಳಿ ಎದ್ದುಹೋಗುವುದು ಸತ್ಯವಲ್ಲ, ಕ್ರೌರ್ಯ.

ರಾಜಶಾಸನವೂ ಈಗ ಈ ಮಾರ್ಗದಲ್ಲಿ ನಡೆದಿದೆ. ಗೌರವಯುತ ಮರಣವೂ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ತೀರ್ಪಿತ್ತು, ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡಲು ಅವಕಾಶವಿತ್ತಿತು. 2023ರಲ್ಲಿ ಆ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಅದರ ಅನುಷ್ಠಾನಕ್ಕೆ ಆದೇಶ ಹೊರಡಿಸಿತು. ಆದರೆ ಆ ಪತ್ರವನ್ನು ಬರೆಯಲು ಸ್ವಸ್ಥ ಬುದ್ಧಿ ಬೇಕು. ತನ್ನ ಸ್ಥಿತಿಯನ್ನೇ ಅರಿಯದವಳು ಏನನ್ನು ಬರೆದಾಳು?

ಕಡೆಗೆ ಮಾತು ತಡವರಿಸಿ, ಮಕ್ಕಳ ಹೆಸರೂ ಮರೆತು, ಲಿಂಗವನ್ನು ಹಿಡಿಯಲು ಕೈಯಲ್ಲಿ ಬಲವಿಲ್ಲದ ದಿನ ಬರಬಹುದು. ಆಗ ಆಕೆಯಲ್ಲಿ ಚೈತನ್ಯವಿಲ್ಲವೆಂದು ಬಗೆಯಲಾಗದು. ಕರದ ಇಷ್ಟಲಿಂಗದೊಡನೆ ಪ್ರಾಣಲಿಂಗ, ಭಾವಲಿಂಗಗಳನ್ನೂ ಒಪ್ಪುವ ಮತಕ್ಕೆ ನೆನಪೊಂದೇ ಆತ್ಮದ ಗುರುತಲ್ಲ. ಮೈ ತೊಳೆಯುವುದು, ತುಟಿಗೆ ನೀರು ಹನಿಸುವುದು, ಹೊರಳಿಸಿ ಮಲಗಿಸುವುದು, ಅಂದಿನ ದಾಸೋಹವು ಇದೇ. ನಿನ್ನೆ ಆಕೆಗೆ ಸತ್ಯವನ್ನು ನುಡಿದ ಮಗನು ಇಂದು ಆಕೆಯ ಇಚ್ಛೆಯನ್ನು ಬಲ್ಲವನಾಗಿ ನಿಶ್ಶಂಕೆಯಿಂದ ಸೇವೆಗೈಯುವನು. ಮುಚ್ಚಿಟ್ಟವನು ಆಕೆಯ ಮನಸ್ಸಿನಲ್ಲಿ ಏನಿತ್ತೋ ಎಂದು ಊಹಿಸುತ್ತ ಕೂರುವನು. ಉತ್ತರ ಹೇಳುವವರಾರೂ ಇರರು.