ಕಲಿಸಿದ ಒಳ್ಳೆಯತನ

ಬಾರ್ಡರ್ ಟೆರಿಯರ್ ಮರಿ ನಮ್ಮ ಮನೆಗೆ ಬಂದಾಗ ಅದಕ್ಕೆ ಒಂಬತ್ತು ವಾರ. ಮಗಳು ಗುಂಡ ಎಂದು ಹೆಸರಿಟ್ಟಳು. ಯಾರ್ಕ್‌ಷೈರಿನ ಈ ಹಳ್ಳಿಯಲ್ಲಿ ನಮ್ಮ ಬೇಲಿಯಾಚೆ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಹಿತ್ತಿಲ ಗೂಡಿನಲ್ಲಿ ನಾಲ್ಕು ಫೆರೆಟ್‌ಗಳು. ನೋಡದವರಿಗೆ ಹೇಳುವುದಾದರೆ, ನಮ್ಮ ಮುಂಗುಸಿಯ ಹಾಗೆ ಉದ್ದ ಮೈ, ಗಿಡ್ಡ ಕಾಲು. ಆದರೆ ಕುಲ ಬೇರೆ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮನುಷ್ಯ ಪಳಗಿಸಿ, ಮೊಲದ ಬಿಲಕ್ಕೆ ಇಳಿಸಲು ಸಾಕಿಕೊಂಡದ್ದು. ಟೆರಿಯರ್ ಎಂಬ ಹೆಸರಿನಲ್ಲೇ ನೆಲವೆಂಬ ಅರ್ಥದ ಲ್ಯಾಟಿನ್ ಮೂಲವಿದೆ. ಬಿಲದಲ್ಲಿ ಓಡಾಡುವುದನ್ನು ಹಿಡಿದು ಕೊಡವಿ ಕೊಲ್ಲುವುದು ಅದರ ರಕ್ತದಲ್ಲೇ ಬಂದ ಕಸುಬು. ಅಂದರೆ ಗುಂಡನ ಕಣ್ಣಿಗೆ ಫೆರೆಟ್ ಬರೀ ಬೇಟೆ.

“ನಾಯಿ ನಿಮ್ಮದು, ಫೆರೆಟ್ ನನ್ನದು, ಬೇಲಿ ಇಬ್ಬರದೂ,” ಎಂದು ನಕ್ಕು ಅವರೇ ಪಾಠಕ್ಕೆ ನಿಂತರು. ಮೊದಲ ಎರಡು ವಾರ ಗುಂಡನ ಊಟದ ತಟ್ಟೆಯನ್ನು ಗೂಡಿನ ಹತ್ತಿರ ಇಡುವುದಷ್ಟೇ. ಆ ವಾಸನೆ, ಆ ಸರಿದಾಟ ಅವನಿಗೆ ಬೇಸರ ಹುಟ್ಟಿಸುವಷ್ಟು ಹಳತಾಗಬೇಕಿತ್ತು. ಆಮೇಲೆ ಒಂದು ಮುದಿ ಹೆಣ್ಣು ಫೆರೆಟನ್ನು ಅವರು ಕೈಯಲ್ಲಿ ಹಿಡಿದರು, ನಾನು ಗುಂಡನ ಹಗ್ಗ ಹಿಡಿದೆ. ಮೂಸಲು ಬಿಟ್ಟೆವು. ಅತಿ ಸಲಿಗೆ ತೋರಿದ ದಿನ ಮೂಗಿಗೆ ಕಚ್ಚಿಸಿಕೊಂಡು ಕುಂಯ್‌ಗುಟ್ಟಿದ. ಮುಖ ತಿರುಗಿಸಿದಾಗಲೆಲ್ಲ ಮೆಚ್ಚುಗೆ, ಒಂದು ಚೂರು ತಿಂಡಿ. ನಾನು ಕಲಿಸಿದ ಆಜ್ಞೆ “ಬಿಡು”. ಮುದುಕರೂ ಆ ಡಕಾರವನ್ನು ಕಷ್ಟಪಟ್ಟು ಕಲಿತರು.

ಆರನೆಯ ತಿಂಗಳಿಗೆ ನನಗೆ ಧೈರ್ಯ ಬಂತು. ಒಂದು ಸಂಜೆ ಗೂಡು ಗುಡಿಸಲು ನೆರವಾಗುತ್ತಿದ್ದಾಗ ಊರಿನಿಂದ ಫೋನು ಬಂತು. ಹಗ್ಗ ಕೆಳಗಿಟ್ಟೆ, ಚಿಲಕ ಮರೆತೆ. ಎಳೆಯ ಫೆರೆಟೊಂದು ಹುಲ್ಲಿನ ಮೇಲೆ ಓಡಿತು. ಕೈಯಲ್ಲಿ ಸುಮ್ಮನಿರುವ ಫೆರೆಟ್ ಬೇರೆ, ಓಡುವ ಫೆರೆಟ್ ಬೇರೆ ಎಂದು ನನಗೆ ಆಗ ತಿಳಿಯಿತು. ಗುಂಡ ಹಿಡಿದೇಬಿಟ್ಟ. “ಬಿಡು!” ಎಂದು ಕಿರುಚಿದೆ. ಬಿಟ್ಟ. ಫೆರೆಟಿನ ಭುಜ ಸೀಳಿ ರಕ್ತ ಬರುತ್ತಿತ್ತು. ನನ್ನ ಕೈ ಅವನನ್ನು ಹೊಡೆಯಲು ಮೇಲೆದ್ದಿತು.

“ಅವನು ಬಿಟ್ಟಿದ್ದಾನೆ, ನೋಡಿ,” ಎಂದರು ಅವರು, ಫೆರೆಟನ್ನು ಎತ್ತಿಕೊಳ್ಳುತ್ತಾ. “ಈಗ ಹೊಡೆದರೆ, ಹಿಡಿದದ್ದಕ್ಕಲ್ಲ, ಬಿಟ್ಟದ್ದಕ್ಕೆ ಹೊಡೆದ ಹಾಗೆ.”

ನಾಲ್ಕು ಹೊಲಿಗೆ ಹಾಕಿಸಿಕೊಂಡು ಫೆರೆಟ್ ಉಳಿಯಿತು. ಆ ರಾತ್ರಿ ನನಗೆ ನೆನಪಾದದ್ದು ಅಜ್ಜಿ ಹೇಳುತ್ತಿದ್ದ ಮುಂಗುಸಿಯ ಕಥೆ. ಬಾಯಲ್ಲಿ ರಕ್ತ ಕಂಡವಳೇ ಮಗುವನ್ನು ಕೊಂದಿತೆಂದು ಕೊಡವನ್ನು ಅದರ ಮೇಲೆ ಎತ್ತಿಹಾಕಿದ ತಾಯಿ. ಒಳಗೆ ಮಗು ಕ್ಷೇಮ, ಸತ್ತದ್ದು ಹಾವು. ಚಿಕ್ಕಂದಿನಲ್ಲಿ ಮುಂಗುಸಿಗಾಗಿ ಅಳುತ್ತಿದ್ದೆ. ಈಗ ಆ ಹೆಂಗಸು ನಾನೇ ಎನಿಸಿತು.

ಗುಂಡ ಬಿಟ್ಟದ್ದು ಒಳ್ಳೆಯತನವೇ, ಅಭ್ಯಾಸವೇ? ಅಭ್ಯಾಸವಷ್ಟೇ ಎನ್ನುವುದು ಸುಲಭ. ಆದರೆ ನಾನು ಮಾಂಸ ತಿನ್ನದಿರುವುದು ಎಲ್ಲಿಂದ ಬಂತು? ತೀರ್ಥಹಳ್ಳಿ ಕಡೆಯ ನಮ್ಮ ಅಡುಗೆಮನೆಯಲ್ಲಿ ನಾಲ್ಕು ವರ್ಷದ ನನ್ನೊಡನೆ ಯಾರೂ ಅಹಿಂಸೆಯ ಬಗ್ಗೆ ವಾದ ಮಾಡಲಿಲ್ಲ. ತಟ್ಟೆ ಇಟ್ಟರು, ಉಂಡೆ. ಕಾರಣಗಳನ್ನು ಬೆಳೆದ ಮೇಲೆ ಕೂಡಿಸಿಕೊಂಡೆ. ನನ್ನದನ್ನು ಸಂಸ್ಕಾರವೆಂದೂ ನಾಯಿಯದನ್ನು ಬರೀ ರೂಢಿಯೆಂದೂ ಕರೆಯಲು ನನಗೆ ಬಾಯಿ ಬರುವುದಿಲ್ಲ. ಎಷ್ಟೆಂದರೂ ನನ್ನ ಬಾಯಿಗೆ ಎಂದೂ ಆಸೆಯೇ ಇರಲಿಲ್ಲ; ಅವನು ಬಾಯಿತುಂಬ ಸಿಕ್ಕಿದ್ದನ್ನು ಬಿಟ್ಟ.

ಆದರೆ ಆ ಚಳಿಗಾಲ ನನ್ನ ಸಮಾಧಾನವನ್ನು ಕೆಡಿಸಿತು. ಹತ್ತಿರದ ರೈತನ ಎಲೆಕೋಸಿನ ಹೊಲದ ಅಂಚಿಗೆ ಹೋದೆವು. ಗುಂಡ ಮೂಸಿ, ಮೊಲವಿದ್ದ ಬಿಲದ ಮುಂದೆ ಕಲ್ಲಾಗಿ ನಿಂತ. ಬಾಯಿಗಳಿಗೆಲ್ಲ ಬಲೆ ಹಾಸಿ, ಕೊರಳಿಗೆ ಸಂಕೇತದ ಪಟ್ಟಿ ಕಟ್ಟಿದ ಫೆರೆಟನ್ನು ಒಳಗೆ ಬಿಟ್ಟರು. ನೆಲದೊಳಗೆ ದಡದಡ ಸದ್ದು. ಮೊಲ ಚಿಮ್ಮಿ ಬಲೆಗೆ ಬಿತ್ತು. ಅದರ ಹಿಂದೆಯೇ ಫೆರೆಟಿನ ಮುಖ ಹೊರಬಂತು. ಗುಂಡ ಮೈಯೆಲ್ಲ ನಡುಗಿದ, ಕದಲಲಿಲ್ಲ. ಹೆಮ್ಮೆಯಿಂದ ನನ್ನ ಗಂಟಲು ಕಟ್ಟಿತು. ಮರುಗಳಿಗೆಯಲ್ಲೇ ಮುದುಕರು ಮೊಲದ ಕುತ್ತಿಗೆ ಮುರಿದರು.

ಗುಂಡನ ಸಂಯಮ ಫೆರೆಟಿನ ತನಕ ಮಾತ್ರ. ಗೆರೆ ಎಳೆದವರು ನಾವು. ನಾಯಿಗಳಿಂದ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದ ಇಲ್ಲಿನ 2004ರ ಕಾಯ್ದೆಯೂ, ಜಮೀನಿನ ಒಡೆಯನ ಒಪ್ಪಿಗೆಯಿದ್ದರೆ ಮೊಲ, ಇಲಿಗಳನ್ನು ಹೊರಗಿಟ್ಟಿದೆ. ನಾನು ಮೊಲ ತಿನ್ನುವುದಿಲ್ಲ, ನಿಜ. ಆದರೆ ಅದೇ ಹೊಲದ ಎಲೆಕೋಸಿನ ಪಲ್ಯ ಉಣ್ಣುತ್ತೇನೆ. ಆ ಕೋಸು ಉಳಿಯಲೆಂದೇ ಆ ಕುತ್ತಿಗೆ ಮುರಿದದ್ದು. ನನ್ನ ಗೆರೆಯೂ ತಟ್ಟೆಯ ಅಂಚಿನವರೆಗೆ ಮಾತ್ರ ಎಂದು ಕಲಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಹಾಗೆಂದು ಚಿಕ್ಕ ಗೆರೆಯೊಳಗಿನ ಒಳ್ಳೆಯತನ ಸುಳ್ಳೆಂದು ನಾನು ಹೇಳಲಾರೆ. ಎಳೆಯ ಫೆರೆಟಿನ ಭುಜದ ಮೇಲೆ ಮತ್ತೆ ಕೂದಲು ಬೆಳೆದಿದೆ. ಅದಕ್ಕಂತೂ ಅದು ನಿಜವೇ. ಗೆರೆಯನ್ನು ಇನ್ನಷ್ಟು ದೂರ ಸರಿಸುವ ಕೆಲಸ ನಾಯಿಯದಲ್ಲ, ನನ್ನದು.

ಈಗ ಗುಂಡನಿಗೆ ಐದು ವರ್ಷ. ಫೆರೆಟ್‌ಗಳು ಅವನ ಬೆನ್ನ ಮೇಲೆ ಹತ್ತಿ ಇಳಿಯುತ್ತವೆ. ಆದರೂ ಅವರನ್ನು ಒಟ್ಟಿಗೆ ಬಿಟ್ಟು ಒಳಗೆ ಹೋಗುವುದಿಲ್ಲ. ಸಂಜೆ ಗೂಡಿನ ಚಿಲಕವನ್ನು ಎರಡು ಸಲ ಎಳೆದು ನೋಡುತ್ತೇನೆ. ಅಂದು ಅದನ್ನು ಮರೆತವನು ಗುಂಡನಲ್ಲ.