ಕಸವೆಂದು ಕರೆಯುವ ಮುನ್ನ

ಅಕ್ಟೋಬರ್ ಮುಗಿಯುತ್ತಿದ್ದಂತೆ ಇಂಗ್ಲೆಂಡಿನ ಮನೆಗಳ ಹಿತ್ತಲಲ್ಲಿ ಕೆಲಸ ಜೋರಾಗುತ್ತದೆ. ಹಿಮ ಸೋಕಿ ಎಲೆ ಕಪ್ಪಾದ ಡೇಲಿಯಾದ ಗಡ್ಡೆಗಳನ್ನು ಅಗೆದು ಒಳಗಿಡಬೇಕು. ಟುಲಿಪ್ ಗಡ್ಡೆಗಳನ್ನು ಮಣ್ಣಿಗೆ ಹೂಳಬೇಕು; ಚಳಿ ತಾಗದಿದ್ದರೆ ಅವು ವಸಂತದಲ್ಲಿ ಸರಿಯಾಗಿ ಹೂ ಬಿಡುವುದಿಲ್ಲ. ಹೊರಗಿನ ನಲ್ಲಿಗೆ ದಪ್ಪ ಬಟ್ಟೆ ಸುತ್ತಬೇಕು. ಕೊನೆಗೆ ಉಳಿಯುವುದು ಗುಡಿಸುವ ಕೆಲಸ. ಉದುರಿದ ಎಲೆ, ಒಣಗಿದ ದಂಟು, ಕಡಿದ ರೆಂಬೆಗಳನ್ನೆಲ್ಲ ಒಟ್ಟಿ ಬೆಂಕಿ ಹಚ್ಚಿದರೆ ತೋಟ ಚಳಿಗಾಲಕ್ಕೆ ಸಿದ್ಧವಾಯಿತೆಂದು ಬಹುಕಾಲ ನಂಬಲಾಗಿತ್ತು.

ಶುಚಿತ್ವ ಸದ್ಗುಣವೆಂದು ನಾವೆಲ್ಲ ಮಕ್ಕಳಿಗೆ ಕಲಿಸುತ್ತೇವೆ. ಆದರೆ ನಮ್ಮ ಶುಚಿತ್ವದ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದರೆ?

ಆ ಎಲೆರಾಶಿಯೊಳಗೆ ಹೆಡ್ಜ್‌ಹಾಗ್ ಮಲಗಿರಬಹುದು. ಇದು ನಮ್ಮ ಕಾಡಿನ ಮುಳ್ಳುಹಂದಿಯಲ್ಲ. ಮೈತುಂಬ ಗಿಡ್ಡ ಮುಳ್ಳುಗಳಿರುವ, ಎರಡು ಬೊಗಸೆಯಲ್ಲಿ ಹಿಡಿಯಬಹುದಾದ ಪುಟ್ಟ ಪ್ರಾಣಿ. ಚಳಿಗಾಲದ ದೀರ್ಘ ನಿದ್ರೆಯಲ್ಲಿ ಅದರ ಎದೆಬಡಿತ ನಿಮಿಷಕ್ಕೆ ಸುಮಾರು 190ರಿಂದ 20ರ ಆಸುಪಾಸಿಗೆ ಇಳಿಯುತ್ತದೆ. ಎಚ್ಚರವಿದ್ದಾಗಲೂ ಅಪಾಯ ಕಂಡರೆ ಅದು ಓಡುವುದು ಕಡಿಮೆ, ಉಂಡೆಯಾಗಿ ಮುದುಡಿಕೊಳ್ಳುತ್ತದೆ. ನರಿಯೆದುರು ಪ್ರಾಣ ಉಳಿಸುವ ಈ ಉಪಾಯ ಬೆಂಕಿಯೆದುರು ಕೆಲಸಕ್ಕೆ ಬಾರದು. 1605ರ ಸಂಚಿನ ನೆನಪಿಗಾಗಿ ನವೆಂಬರ್ 5ರ ರಾತ್ರಿ ಅಲ್ಲಿ ಊರೂರಲ್ಲಿ ಬೆಂಕಿ ಹಾಕುತ್ತಾರೆ. ಅದಕ್ಕಾಗಿ ಎಷ್ಟೋ ದಿನ ಮುಂಚೆ ಒಟ್ಟಿದ ರಾಶಿ ಈ ಜೀವಿಗೆ ಹೇಳಿ ಮಾಡಿಸಿದ ಮನೆಯಂತೆ ಕಾಣುತ್ತದೆ. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿ ಹೆಡ್ಜ್‌ಹಾಗನ್ನು ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು.

ಮಣ್ಣಿನೊಳಗೆ ಬಂಬಲ್‌ಬೀ ಎಂಬ ದಪ್ಪ ದುಂಬಿಯ ರಾಣಿ ಒಂಟಿಯಾಗಿ ಅಡಗಿರುತ್ತದೆ. ಈ ದುಂಬಿಗಳಲ್ಲಿ ಬಹುಪಾಲು ಜಾತಿಗಳ ಕೆಲಸಗಾರ ದುಂಬಿಗಳೆಲ್ಲ ಚಳಿಗೆ ಮೊದಲೇ ಸಾಯುತ್ತವೆ. ಹೊಸ ರಾಣಿ ಮಾತ್ರ ಉಳಿದು ವಸಂತದಲ್ಲಿ ಹೊಸ ಸಂಸಾರ ಕಟ್ಟುತ್ತದೆ. ಗುದ್ದಲಿಯ ಒಂದೇ ಏಟಿಗೆ ಹುಟ್ಟದೇ ಹೋಗುವುದು ಒಂದಿಡೀ ಗೂಡು.

ಹಾಗೆಂದು ಏನನ್ನೂ ಮುಟ್ಟದಿರುವುದೇ ಕರುಣೆಯೆನ್ನಲಾಗದು. ಕಪ್ಪು ಚುಕ್ಕೆ ರೋಗ ತಗುಲಿದ ಗುಲಾಬಿಯ ಎಲೆಗಳನ್ನು ಬುಡದಲ್ಲೇ ಬಿಟ್ಟರೆ ಮುಂದಿನ ವರ್ಷ ರೋಗ ಮರಳುತ್ತದೆ. ಕಾಲುದಾರಿಯ ಒದ್ದೆ ಎಲೆಗಳ ಮೇಲೆ ಜಾರಿ ಬೀಳುವುದು ಪಕ್ಕದ ಮನೆಯ ಮುದುಕಿ. ದಾರಿ ಗುಡಿಸಲೇಬೇಕು. ಆದರೆ ಗುಡಿಸಿದ್ದು ಬೆಂಕಿಗೇ ಹೋಗಬೇಕೆಂದು ಯಾರು ಹೇಳಿದರು? ಬೇಲಿಯ ಬುಡ ಹತ್ತು ಹೆಜ್ಜೆ ದೂರದಲ್ಲಿದೆ.

ತೋಟ ನನ್ನದು, ಅದರ ಎಲೆಯೂ ನನ್ನದು ಎನ್ನಬಹುದು. ಕಾನೂನಿನ ಕಣ್ಣಿಗೆ ಅದು ಸರಿಯಿರಲೂಬಹುದು. ಒಳಗೆ ಏನಿದೆಯೆಂದು ಅರಿಯದೆ ಸುಟ್ಟ ಹಿಂದಿನವರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸಿಲ್ಲ. ಅರಿತ ನಮಗೆ ಆ ರಿಯಾಯಿತಿ ಇಲ್ಲ. ಅರಿವು ನಮ್ಮಿಂದ ತ್ಯಾಗವನ್ನೇನೂ ಕೇಳುತ್ತಿಲ್ಲ: ಒಟ್ಟಿದ ರಾಶಿಯನ್ನು ಹಚ್ಚುವ ದಿನವೇ ಪಕ್ಕದ ಖಾಲಿ ಜಾಗಕ್ಕೆ ಬಿಡಿಸಿ ಒಟ್ಟಬೇಕು, ಟೊಳ್ಳು ದಂಟುಗಳನ್ನು ವಸಂತದವರೆಗೆ ನಿಲ್ಲಲು ಬಿಡಬೇಕು, ಬೇಲಿಯಡಿ 13 ಸೆಂಟಿಮೀಟರಿನ ಕಿಂಡಿಯೊಂದನ್ನು ತೆರೆದಿಡಬೇಕು.

ನಿಜವಾಗಿ ಅಡ್ಡ ಬರುವುದು ಶ್ರಮವಲ್ಲ, ನೆರೆಯವರ ಕಣ್ಣು. ಒಣ ದಂಟುಗಳು ನಿಂತ, ಮೂಲೆಯಲ್ಲಿ ಎಲೆ ಕೊಳೆಯುವ ತೋಟವನ್ನು ಕಂಡು ಅವರು ಯಜಮಾನನನ್ನು ಸೋಮಾರಿ ಎಂದುಕೊಳ್ಳುತ್ತಾರೆ. ಮಾರ್ಚ್ ತಿಂಗಳವರೆಗೂ ಹಾಗೆಯೇ ಅಂದುಕೊಳ್ಳುತ್ತಿರುತ್ತಾರೆ.