ಶಿಬಿಯ ತಕ್ಕಡಿ ಮತ್ತು ನೆರೆಮನೆಯ ಹೇಂಟೆ

ನೆಕ್ರಾಜೆಯ ಕಂಗಿನ ತೋಟಗಳ ನಡುವಣ ಅಂಗಳಗಳಲ್ಲಿ ನಾಲ್ಕು ಹೇಂಟೆ, ಒಂದು ಹುಂಜ, ತರಗೆಲೆ ಕೆದಕುವ ಒಂದಿಷ್ಟು ಮರಿಗಳು ಕಣ್ಣಿಗೆ ಬೀಳುವುದುಂಟು. ಮನೆಯೊಡತಿಗೆ ಅವೇ ಸೊತ್ತು. ಮೊಟ್ಟೆ ಮಾರಿದ ಕಾಸು ಆಕೆಯ ಕೈಯದು. ಸಮೀಪದ ಸಾಕಣೆಯೊಂದರಲ್ಲಿ ಹಕ್ಕಿಜ್ವರ ಕಂಡಿತೆಂದು, ಯಾವ ರೋಗಲಕ್ಷಣವೂ ಇಲ್ಲದ ಈ ಕೋಳಿಗಳನ್ನೂ ಕೊಲ್ಲಲು ಅಧಿಕಾರಿಗಳು ಬಂದು ನಿಂತರೆ ಅದು ಧರ್ಮವೇ? ತರಗತಿಯಲ್ಲಿ ಅಹಿಂಸೆಯನ್ನು ಬೋಧಿಸುವ ನಾವು ವಿದ್ಯಾರ್ಥಿಗಳ ಈ ಪ್ರಶ್ನೆಗೆ ಏನೆಂದು ಉತ್ತರಿಸೋಣ?

ಇದು ಬರಿಯ ಊಹೆಯಲ್ಲ. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಸರಕಾರಿ ಕೋಳಿಸಾಕಣೆ ಕೇಂದ್ರಕ್ಕೆ ಈ ರೋಗ ಹೊಕ್ಕಿತು. 2014ರಲ್ಲಿ ನಮ್ಮದೇ ರಾಜ್ಯದ ಕುಟ್ಟನಾಡಿನಲ್ಲಿ ಬಾತುಗಳು ಸಾಲುಸಾಲಾಗಿ ಸತ್ತವು. 2016ರಲ್ಲಿಯೂ 2021ರಲ್ಲಿಯೂ ರೋಗ ಅಲ್ಲಿಗೆ ಮರಳಿತು. 2020ರ ಮಾರ್ಚಿಯಲ್ಲಿ ಕೋಳಿಕ್ಕೋಡಿಗೂ ಮೈಸೂರಿಗೂ ಅದು ಕಾಲಿಟ್ಟಿತು.

ರೋಗದ ವಿಷಾಣು ಹಕ್ಕಿಯ ಹಿಕ್ಕೆಯಲ್ಲಿಯೂ ಬಾಯಿಮೂಗಿನ ಸ್ರಾವದಲ್ಲಿಯೂ ಹೊರಬೀಳುತ್ತದೆ; ಪಾದರಕ್ಷೆ, ಬುಟ್ಟಿ, ವಾಹನದ ಗಾಲಿಗಳಿಗೆ ಅಂಟಿ ಊರೂರು ತಿರುಗುತ್ತದೆ. ಇಂದು ಮೇಯುವ ಕೋಳಿ ನಾಳೆ ಸತ್ತು ಬಿದ್ದೀತು. ಆದುದರಿಂದಲೇ ರೋಗ ದೃಢಪಟ್ಟ ಸ್ಥಳದ ಸುತ್ತ 1 ಕಿಲೋಮೀಟರಿನೊಳಗಿನ ಸಾಕುಹಕ್ಕಿಗಳನ್ನು ಕೊಂದು ಹೂಳುವ ಅಥವಾ ಸುಡುವ ಕ್ರಮವಿದೆ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ಈ ರೋಗ ತಗಲಿ 6 ಮಂದಿ ಮಡಿದರು. ಅಲ್ಲಿನ ಹತ್ತು ಲಕ್ಷಕ್ಕೂ ಮಿಕ್ಕ ಕೋಳಿಗಳನ್ನು ಕೆಲವೇ ದಿನಗಳಲ್ಲಿ ಕೊಂದ ಬಳಿಕ ಜನರಲ್ಲಿ ಆ ಹಾವಳಿ ನಿಂತಿತು. ಕೊಲ್ಲುವುದು ಕ್ರೂರವೇ ಹೌದು. ಆದರೆ ಕೊಲ್ಲದಿರುವುದು ಇನ್ನೂ ದೊಡ್ಡ ಮರಣಕ್ಕೆ ದಾರಿಯಾಗುವುದಾದರೆ ಕೈಕಟ್ಟಿ ಕುಳಿತವನನ್ನು ಅಹಿಂಸಕನೆನ್ನಲು ನಮಗೆ ಮನಸ್ಸು ಬಾರದು.

ಆದರೂ ಒಂದು ಮುಳ್ಳು ಉಳಿಯುತ್ತದೆ. ಪಾರಿವಾಳವನ್ನು ಉಳಿಸಲು ಶಿಬಿ ಚಕ್ರವರ್ತಿ ತಕ್ಕಡಿಯಲ್ಲಿಟ್ಟುದು ತನ್ನ ತೊಡೆಯ ಮಾಂಸವನ್ನು. ನಾವಾದರೋ ಲೋಕರಕ್ಷಣೆಗೆಂದು ತಕ್ಕಡಿಯಲ್ಲಿಡುವುದು ನೆರೆಯಾಕೆಯ ಹೇಂಟೆಯನ್ನು! 1 ಕಿಲೋಮೀಟರಿನಾಚೆ ನಿಂತವನಿಗೆ ತ್ಯಾಗದ ಉಪದೇಶ ಬಲು ಸುಲಭ. 2021ರಲ್ಲಿ ಕೇರಳ ಸರಕಾರವು ಎರಡು ತಿಂಗಳು ಮೀರಿದ ಬಾತಿಗೆ 200 ರೂಪಾಯಿ, ಅದಕ್ಕಿಂತ ಎಳೆಯದಕ್ಕೆ 100, ಮೊಟ್ಟೆಗೆ 5 ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಇದನ್ನು ದಾನವೆನ್ನಲಾಗದು, ಎಲ್ಲರ ಕ್ಷೇಮಕ್ಕಾಗಿ ಒಬ್ಬರಿಂದ ಪಡೆದುದರ ಋಣವಿದು. ಬರಿದಾದ ಗೂಡು ಮತ್ತೆ ತುಂಬುವವರೆಗಿನ ತಿಂಗಳುಗಳಿಗೆ ಬೆಲೆ ಕಟ್ಟುವವರು ಯಾರು?

ಋಣ ತೀರದೆಂಬ ಸಂಶಯ ಬಂದಲ್ಲಿ ಜನ ಮುಚ್ಚಿಡುತ್ತಾರೆ. ಸತ್ತ ಕೋಳಿ ಇರುಳಲ್ಲಿ ತೋಡಿನ ಪಾಲಾಗುತ್ತದೆ; ನರಳುತ್ತಿರುವುದು ಅಗ್ಗದ ಬೆಲೆಗೆ ಪೇಟೆ ಸೇರುತ್ತದೆ. ತೋಡಿನ ನೀರಾದರೋ ಕೆಳಗಿನ ಮನೆಯ ಬಾತುಗಳಿಗೂ ಗದ್ದೆಯ ಬೆಳ್ಳಕ್ಕಿಗಳಿಗೂ ಒಂದೇ. ಮುಚ್ಚಿಟ್ಟಾಕೆಯದು ತಪ್ಪೇ ಸರಿ. ಆದರೆ ನಿಜ ನುಡಿದವಳ ಮನೆಯನ್ನು ಕಂಡು ಮೂಗು ಮುರಿಯುವ ಊರಿಗೆ ಆ ತಪ್ಪಿನಲ್ಲಿ ಪಾಲಿಲ್ಲವೇ?

ಇನ್ನು ಕೆಲವರು ವಲಸೆ ಹಕ್ಕಿಗಳನ್ನೇ ದೂರುತ್ತಾರೆ. ಕಾಡುಬಾತುಗಳಲ್ಲಿ ಈ ಬಗೆಯ ವಿಷಾಣುಗಳು ಸೌಮ್ಯರೂಪದಲ್ಲಿ ಹಿಂದಿನಿಂದಲೂ ಇವೆ, ನಿಜ. ಅವು ಮಾರಕರೂಪ ತಾಳುವುದು ಹೆಚ್ಚಾಗಿ ಮನುಷ್ಯನು ಕಿಕ್ಕಿರಿಸಿ ಸಾಕಿದ ಹಕ್ಕಿಗಳ ನಡುವೆ. ಇಂದಿನ ಮಾರಕ ತಳಿಯ ಮೂಲವನ್ನು ಗುರುತಿಸಿರುವುದು 1996ರಲ್ಲಿ ಚೀನದ ಗ್ವಾಂಗ್‌ಡಾಂಗಿನ ಸಾಕುಹೆಬ್ಬಾತಿನಲ್ಲಿ. ಅಲ್ಲಿಂದ ಅದು ಕಾಡುಹಕ್ಕಿಗಳಿಗೂ ಹರಡಿತು. ಬೆಳ್ಳಕ್ಕಿಗಳ ಮರವನ್ನು ಕಡಿದರೆ ಅವು ಬೇರೆಡೆಗೆ ಚದರಿಯಾವು. ರೋಗವಿದ್ದಲ್ಲಿ ಅದೂ ಅವುಗಳೊಡನೆ ಹೋದೀತು.

ಅಂಗಳದಲ್ಲಿ ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ, ಜುಟ್ಟು ನೀಲಿಗಟ್ಟಿ ತಲೆ ಊದಿದರೆ, ಬರಿಗೈಯಲ್ಲಿ ಮುಟ್ಟಬಾರದು, ಮೃಗಾಸ್ಪತ್ರೆಗೆ ತಿಳಿಸಬೇಕು. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ವಿಷಾಣು ಉಳಿಯದು. ಇಷ್ಟನ್ನು ಐದನೆಯ ತರಗತಿಯ ಮಗುವೂ ಮನೆಗೆ ಒಯ್ಯಬಲ್ಲದು. ಆದರೆ ಆ ಮಗುವಿನ ತಾಯಿ ಮೃಗಾಸ್ಪತ್ರೆಗೆ ಹೋಗಿ ಬಂದ ಮರುದಿನ ನಾವು ಆಕೆಯ ಅಂಗಳಕ್ಕೆ ಕಾಲಿಡದಿದ್ದರೂ ಬೇಲಿಯಾಚೆ ನಿಂತು, ಅಕ್ಕಾ, ಗೂಡಿಗೆ ಹೊಸ ಮರಿ ತರುವಾಗ ನಮ್ಮಲ್ಲಿಂದಲೂ ಎರಡನ್ನು ಒಯ್ಯಿರಿ ಎಂದೇವೇ?